ಅಳಿಯನ ಕಲ್ಲು

ಮನಸ್ಸು ಮಾಡಿದರೆ ಮನುಷ್ಯ ಒಂದು ತಿಂಗಳಲ್ಲಿ ಏನನ್ನಾದರೂ ಕಲಿಯಬಹುದು ಎಂದು ನಾನು ಬಲವಾಗಿ ನಂಬಿದ್ದ ಕಾಲವದು. ಎಪ್ಪತ್ತರ ದಶಕ. ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯಿಂದ ಎರಡು ಮೈಲು ದೂರದ ಹಳ್ಳಿಯಲ್ಲಿ ನಾನು ಸಾಲಿ ಮಾಸ್ತರ. ಹೆಂಡತಿ ನೀಲವ್ವನ ತವರು ಹೊಳೆಯ ಆಚೆ ದಂಡೆಯಲ್ಲಿ.

ಮದುವೆಯಲ್ಲಿ ನಮ್ಮ ಹಿರಿಯರು ನನಗೊಂದು ಸೈಕಲ್ ಕೇಳಿದ್ದರು. ಮಾವನವರು ಕೊಟ್ಟರು. ಅಳಿಯನ ಮರ್ಯಾದೆಗೆ ಕಡಿಮೆಯಾಗಬಾರದೆಂದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಎತ್ತರದ್ದನ್ನೇ ಆರಿಸಿ ತಂದರು. ಅಳಿಯನಿಗೆ ಸೈಕಲ್ ಹೊಡೆಯಲು ಬರುತ್ತದೆಯೇ ಎಂದು ಅವರು ಕೇಳಲಿಲ್ಲ; ಕೇಳದ್ದನ್ನು ಹೇಳುವ ಸ್ವಭಾವ ನನ್ನದಲ್ಲ. ಮೂರು ವರ್ಷ ಅದರ ಹ್ಯಾಂಡಲ್ಲಿಗೆ ಚೀಲ ತೂಗುಹಾಕಿ, ನೂಕುತ್ತ ಶಾಲೆಗೆ ಹೋದೆ. ಊರಿನವರು ಬರೀ ನಡೆದು ಹೋಗುತ್ತಿದ್ದರು. ನಾನು ಸೈಕಲ್ ಸಮೇತ ನಡೆದು ಹೋಗುತ್ತಿದ್ದೆ!

ಈ ಸುದ್ದಿ ದೋಣಿ ಹತ್ತಿ ಮಾವನವರ ಕಿವಿಗೂ ಮುಟ್ಟಿತು. ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತು ಅವರು, "ಗೊತ್ತಿದ್ದರ ಒಂದು ಆಕಳಾ ಕೊಡ್ತಿದ್ದೆ. ಅದನ್ನೂ ಹಂಗ ಹಿಡಕೊಂಡು ಅಡ್ಡಾಡಬಹುದಿತ್ತು, ಮ್ಯಾಲ ಹಾಲರ ಕೊಡ್ತಿತ್ತು" ಎಂದರಂತೆ. ಇಡೀ ಪಂಕ್ತಿ ನಕ್ಕಿತಂತೆ. ನೀಲವ್ವ ಉಣ್ಣದೆ ಎದ್ದು ಬಂದಳು. ಅವಳು ಅದನ್ನು ಹೇಳಿದ ದಿನ ನನಗೂ ಅನ್ನ ಸೇರಲಿಲ್ಲ.

ಅದೇ ವರ್ಷ ಹೊಳೆಗೆ ಸೇತುವೆಯಾಯಿತು. ಸುತ್ತಲಿನ ಊರಿನವರು ಬುತ್ತಿ ಕಟ್ಟಿಕೊಂಡು ನೋಡಲು ಬರುವಷ್ಟು ದೊಡ್ಡ ಸೇತುವೆ. ನಾನು ಕೂಡಲೇ ಮಾವನವರಿಗೆ ಕಾರ್ಡು ಬರೆದೆ: "ಸಂಕ್ರಮಣದ ದಿವಸ ಸ್ವತಃ ಸೈಕಲ್ ಏರಿ, ಸೇತುವೆ ದಾಟಿ, ತಮ್ಮ ದಂಡೆಗೆ ದಯಮಾಡಿಸುವೆನು. ತಾವು ಸಕುಟುಂಬ ಸಪರಿವಾರ ಹಾಜರಿರತಕ್ಕದ್ದು."

ಕಾರ್ಡು ಡಬ್ಬಿಗೆ ಬಿದ್ದ ಮೇಲೆ ಸೈಕಲ್ ಕಲಿಯತೊಡಗಿದೆ. ಮನೆಯ ಮುಂದಿನ ಕಟ್ಟೆಯಿಂದ ಹತ್ತುವುದು, ಊರು ಸುತ್ತಿ ಬಂದು ಅದೇ ಕಟ್ಟೆಗೆ ಕಾಲು ಕೊಟ್ಟು ಇಳಿಯುವುದು. ಬಿದ್ದೆ, ಎದ್ದೆ, ಮೊಣಕಾಲಿಗೆ ಅರಿಶಿನ ಹಚ್ಚಿಸಿಕೊಂಡೆ, ಬಿಡಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬಾಣದಂತೆ ಹೋಗುತ್ತಿದ್ದೆ. ಕಟ್ಟೆ ಇಲ್ಲದ ಕಡೆ ಇಳಿಯುವುದೊಂದು ಬಾಕಿ ಉಳಿಯಿತು. ಪೆಡಲಿಗೆ ಮುಟ್ಟುವ ನನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಬ್ರೇಕು ಹಿಡಿದರೆ ಸೈಕಲ್ ನಿಲ್ಲುತ್ತಿತ್ತು. ನಾನು ಮಲಗುತ್ತಿದ್ದೆ!

ಹಬ್ಬಕ್ಕೆ ಎರಡು ದಿನ ಮೊದಲೇ ತವರಿಗೆ ಹೊರಟ ನೀಲವ್ವ, "ಅಲ್ಲಿ ಕಟ್ಟಿ ಇಲ್ಲರಿ. ಹ್ಯಾಂಗ ಇಳೀತೀರಿ?" ಎಂದು ಕೇಳಿದಳು.

"ಹೋಗೂದು ಮುಖ್ಯ. ಇಳಿಯೂದೇನು ದೊಡ್ಡದು" ಎಂದೆ.

ಸಂಕ್ರಮಣದ ಬೆಳಿಗ್ಗೆ ಇಸ್ತ್ರಿ ಮಾಡಿದ ಪಾಯಜಾಮ, ತಲೆಗೆ ಟೋಪಿ ಹಾಕಿ ಹೊರಟೆ. ಸೇತುವೆಯ ತುಂಬ ಜನ. ಗಂಟೆ ಬಾರಿಸಿದರೆ ದಾರಿ ಬಿಡುತ್ತಿದ್ದರು. ಬೇಕೆಂದರೆ ಸೇತುವೆಯ ಅಂಚಿನ ಕಟಾಂಜನ ಹಿಡಿದು ಅಲ್ಲೇ ಇಳಿಯಬಹುದಿತ್ತು. ಆದರೆ ಅದರಾಚೆ, ಬಹಳ ಕೆಳಗೆ, ಹೊಳೆ ಕಾಣುತ್ತಿತ್ತು. ನಾನು ನಡುರಸ್ತೆ ಬಿಡಲಿಲ್ಲ.

ಸೇತುವೆ ಮುಗಿದ ಕೂಡಲೇ ಇಳಿಜಾರು. ಅದರ ಬುಡದಲ್ಲಿ ಮಾವನವರು ಹೊಸ ರುಮಾಲು ಸುತ್ತಿ ನಿಂತಿದ್ದರು. ಅತ್ತೆಯ ಕೈಯಲ್ಲಿ ನನ್ನ ಕಾಲಿಗೆ ಹಾಕಲು ನೀರಿನ ತಂಬಿಗೆ. ನೀಲವ್ವ ಬುತ್ತಿಯ ಗಂಟಿನ ಪಕ್ಕ ಇದ್ದಳು. ಅಳಿಯ ಕೂತು ಮೊದಲ ತುತ್ತು ಎತ್ತುವ ತನಕ ಆ ಗಂಟು ಬಿಚ್ಚುವಂತಿಲ್ಲ. ಅದು ಆ ಮನೆಯ ರಿವಾಜು. ಮಾವನವರ ಮುಖದಲ್ಲಿ ನಾನು ಮೂರು ವರ್ಷ ಕಾದಿದ್ದ ಮೆಚ್ಚುಗೆ ಕಂಡಿತು. ಬರ್ರಿ ಬರ್ರಿ ಎಂದು ಎರಡೂ ಕೈ ಮುಂದೆ ಚಾಚಿದರು. ನಾನೂ ಒಂದು ಕೈ ಎತ್ತಿ ನಮಸ್ಕಾರ ಮಾಡಿ, ಅವರ ಮುಂದಿನಿಂದಲೇ ಹಾದು ಹೋಗಿಬಿಟ್ಟೆ!

ನಮ್ಮ ಕಡೆ ಹಬ್ಬಕ್ಕೆ ಬಂದ ಅಳಿಯ ಅತ್ತೆ ಮಾವನನ್ನು ದಾಟಿ ಮುಂದೆ ಹೋದನೆಂದರೆ ಅರ್ಥ ಒಂದೇ: ಅವನಿಗೆ ಸಿಟ್ಟು ಬಂದಿದೆ. ನಾನು ರಸ್ತೆ ಪಕ್ಕದ ಬಯಲಿನಲ್ಲಿ ಖಡಿ ಕಲ್ಲಿನ ರಾಶಿ ಸುತ್ತಿ ತಿರುಗಿ ಬರುವಷ್ಟರಲ್ಲಿ ಮಾವನವರು ರಸ್ತೆಗೇ ಬಂದಿದ್ದರು.

"ಅಳಿಯಾರ, ಆಕಳಾ ಅಂದದ್ದು ಚ್ಯಾಷ್ಟಿಗಿ. ಹೊಟ್ಟ್ಯಾಗ ಹಾಕ್ಕೋರಿ."

ಹಾಕಿಕೊಂಡೆ. ಇಳಿಯಲಿಲ್ಲ.

ಅದೇ ಓಟದಲ್ಲಿ ಇಳಿಜಾರು ಏರಿ, ಸೇತುವೆ ದಾಟಿ ನಮ್ಮ ದಂಡೆಗೇ ಬಂದುಬಿಟ್ಟೆ. ಇನ್ನೆರಡು ಮೈಲು ಹೋದರೆ ನಮ್ಮ ಮನೆಯ ಕಟ್ಟೆ. ಇಳಿದು, ಬಾಗಿಲು ಹಾಕಿಕೊಂಡು ಮಲಗಬಹುದಿತ್ತು. ಆದರೆ ಆಚೆ ದಂಡೆಯಲ್ಲಿ ನನ್ನ ದೆಸೆಯಿಂದ ಉಪವಾಸ ನಿಂತವರಿದ್ದರು. ಹಲ್ಲು ಕಚ್ಚಿ ಹ್ಯಾಂಡಲ್ ತಿರುಗಿಸಿದೆ.

ಈ ಸಲ ಮಾವನವರು ಕೈಗಡಿಯಾರ ಬಿಚ್ಚಿ ಹಿಡಿದಿದ್ದರು. ಅತ್ತೆಯ ಕಣ್ಣಲ್ಲಿ ನೀರು. ಸುತ್ತ ಜನ ಸೇರಿತ್ತು. ಸೇತುವೆ ನೋಡಲು ಬಂದವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಇದನ್ನ ತಗೋರಿ" ಎಂದರು ಮಾವನವರು. "ಹಬ್ಬದ ದಿವಸ ಮಗಳ ಮಾರಿ ಸಣ್ಣದು ಮಾಡಬ್ಯಾಡ್ರಿ."

ಮತ್ತೆ ಖಡಿಯ ರಾಶಿ ಸುತ್ತುತ್ತ ನೀಲವ್ವನ ಕಡೆ ನೋಡಿದೆ. ಅವಳಿಗೆ ಎಲ್ಲ ಗೊತ್ತಿತ್ತು. ಗಂಡನ ಮಾನ ಹೋಗಬಾರದೆಂದು ತುಟಿ ಬಿಚ್ಚದೆ ಕೂತಿದ್ದಳು. ಸುಮ್ಮನಿದ್ದರೆ ನನಗೆ ಗಡಿಯಾರವೂ ಸಿಗುತ್ತಿತ್ತು, ಸಿಟ್ಟಿನ ಅಳಿಯನೆಂಬ ಗತ್ತೂ ಉಳಿಯುತ್ತಿತ್ತು. ಆದರೆ ಆ ಮುದುಕ ಸಂತೆಯಷ್ಟು ಜನರ ನಡುವೆ ಕೈ ಚಾಚಿದ್ದು ನೋಡಿ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

"ಮಾವಾರ, ಸಿಟ್ಟಿಲ್ಲರಿ" ಎಂದು ಕೂಗಿದೆ. "ನನಗ ಇಳಿಯಾಕ ಬರೂದಿಲ್ಲ."

ಮಾವನವರು ಮೊದಲು ಗಡಿಯಾರ ಕಟ್ಟಿಕೊಂಡರು. ಆಮೇಲೆ ಓಡಿ ಬಂದು ಕ್ಯಾರಿಯರ್ ಹಿಡಿದರು. ಸೈಕಲ್ಲು, ನಾನು, ಮಾವನವರು ಒಟ್ಟಿಗೇ ಹೋಗಿ ಅತ್ತೆಯ ಮುಂದೆ ಬಿದ್ದೆವು. ನಾನು ಬಿದ್ದಲ್ಲೇ ಅತ್ತೆ ನನ್ನ ಕಾಲಿಗೆ ನೀರು ಹಾಕಿದರು. ನೀಲವ್ವ ಗಂಟು ಬಿಚ್ಚಿದಳು. ಸಜ್ಜಿ ರೊಟ್ಟಿ ಮುರಿಯುತ್ತ ಮಾವನವರು ನಕ್ಕದ್ದೇ ನಕ್ಕದ್ದು. ಆದರೆ ಎಣ್ಣೆಗಾಯಿಯಲ್ಲಿ ದೊಡ್ಡ ಬದನೆಕಾಯಿ ನನ್ನ ತಾಟಿಗೇ ಬಂತು.

ಮುಂದಿನ ಸಂಕ್ರಮಣಕ್ಕೂ ನಾನು ಹಟ ಹಿಡಿದು ಸೈಕಲ್ ಮೇಲೆಯೇ ಹೋದೆ. ಇಳಿಜಾರಿನ ಬುಡದಲ್ಲಿ ಮಾವನವರು ಚಕ್ಕಡಿಯಲ್ಲಿ ತರಿಸಿ ಹುಗಿಸಿದ, ಮೊಣಕಾಲೆತ್ತರದ ಚಪ್ಪಡಿ ಕಲ್ಲಿತ್ತು. ಸುಣ್ಣವನ್ನೂ ಹಚ್ಚಿಸಿದ್ದರು. ಅದಕ್ಕೆ ಕಾಲು ಕೊಟ್ಟು ಇಳಿದೆ.

ಈಗ ಅಲ್ಲಿ ಬಸ್ಸು ನಿಲ್ಲುತ್ತದೆ. ಅಳಿಯನ ಕಲ್ಲು ಬಂತು ಎಂದು ಕಂಡಕ್ಟರು ಕೂಗುತ್ತಾನೆ. ಹೊಸಬರು ಹೆಸರಿನ ಕಥೆ ಕೇಳಿದರೆ, ಹಿಂದೆ ಯಾವನೋ ಶೂರ ಅಳಿಯ ಹೊಳೆ ದಾಟುವಾಗ ಪ್ರಾಣ ಬಿಟ್ಟನೆಂದು ಬಸ್ಸಿನವರು ಹೇಳುತ್ತಾರೆ. ನಾನು ಗಂಭೀರವಾಗಿ ತಲೆಯಾಡಿಸುತ್ತ, ಕಂಬಿ ಹಿಡಿದು, ಬಸ್ಸಿನ ಎತ್ತರದ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡುತ್ತಿರುತ್ತೇನೆ. ಹಿಂದಿನಿಂದ ನೀಲವ್ವ ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ:

"ಅವರು ಸತ್ತಿಲ್ಲರಿ. ಇಲ್ಲೇ ಇಳಿಯಾಕತ್ತಾರ, ಸ್ವಲ್ಪ ಕೈ ಹಿಡೀರಿ."