ಟೂ ಟೈಟ್

ಮುನೀಂದ್ರನ ಕೆಲಸವನ್ನು ಆವತ್ತು ಕೆಡಿಸಿದ್ದು ಒಂದು ಪುಟ್ಟ ಇಂಗ್ಲಿಷ್ ಪದ.

ಜಿಗಣಿಯ ಸ್ಟೀಲ್ ಊಟದ ಡಬ್ಬಿ ಫ್ಯಾಕ್ಟರಿಯಲ್ಲಿ ಅವನು ಪ್ಯಾಕಿಂಗ್ ಸೂಪರ್‌ವೈಸರ್. ಹಾಲೆಂಡಿನಿಂದ ದೊಡ್ಡ ಗಿರಾಕಿಯೊಬ್ಬ ಬರುವವನಿದ್ದ. ಆರ್ಡರ್ ಸಿಕ್ಕರೆ ಮುನೀಂದ್ರನಿಗೆ ಪ್ರಮೋಷನ್ ಎಂದು ಮ್ಯಾನೇಜರ್ ಗುರುರಾಜ್ ಮಾತು ಕೊಟ್ಟಿದ್ದರು. ಗಿರಾಕಿಯೇನೋ ಬಂದ, ಗುರುರಾಜ್ ಮಾತ್ರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. "ನಾನು ಬರೋವರೆಗೂ ನೀನೇ ನೋಡ್ಕೊಳಪ್ಪಾ" ಎಂದು ಫೋನ್ ಮಾಡಿದರು.

ಗಿರಾಕಿಗೆ ಡಬ್ಬಿ ತೋರಿಸುವ ಮುನ್ನ, ಮುಚ್ಚಳವನ್ನು ಹೊಗಳಲು ಮುನೀಂದ್ರ "ವೆರಿ ಟೈಟ್, ವೆರಿ ಸ್ಟ್ರಾಂಗ್" ಎಂದು ಬಾಯಿಪಾಠ ಮಾಡುತ್ತಿದ್ದ. ಪಕ್ಕದ ಮೇಜಿನ ವಸಂತಮ್ಮ ಸುಮ್ಮನಿರಲಿಲ್ಲ. ಮೊಬೈಲ್ ನೋಡಿ ಇಂಗ್ಲಿಷ್ ಕಲಿಯುತ್ತಿದ್ದ ಅವರ ಮಾತಿಗೆ ಅಲ್ಲಿ ಎದುರಾಡುವವರೇ ಇರಲಿಲ್ಲ.

"ವೆರಿ ಎಲ್ಲಾ ಹಳೇದಾಯ್ತು ಕಣೋ. ಈಗ ಎಲ್ರೂ ಟೂ ಅಂತಾರೆ. ಟೂ ಗುಡ್ ಅನ್ನಲ್ವಾ? ವೆರಿಗಿಂತ ಒಂದು ಕೈ ಮೇಲು."

ಮುನೀಂದ್ರ ಗಿರಾಕಿಯ ಮುಂದೆ ಡಬ್ಬಿಯನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು, "ಸಾರ್, ದಿಸ್ ಲಿಡ್ ಟೂ ಟೈಟ್!" ಎಂದ.

ಗಿರಾಕಿ ಅವನನ್ನೇ ದಿಟ್ಟಿಸಿ ನೋಡಿದ. ಆಮೇಲೆ ಮುಖ ಅರಳಿಸಿ, ಕೈ ಕುಲುಕಿ, ಕಾರು ಹತ್ತಿ ಹೊರಟ.

ಗುರುರಾಜ್ ಬಂದು, ನಡೆದದ್ದನ್ನು ಕೇಳಿ, ತಲೆ ಮೇಲೆ ಕೈ ಹೊತ್ತು ಕುಳಿತರು. "ವೆರಿ ಅಂದ್ರೆ ಬಹಳ ಕಣಯ್ಯಾ. ಟೂ ಅಂದ್ರೆ ಅತಿಯಾಯ್ತು ಅಂತ! ಮುಚ್ಚಳ ತೆಗೆಯೋಕೇ ಆಗಲ್ಲ ಅಂತ ನೀನೇ ಹೇಳ್ದಂಗಾಯ್ತು. ಓಡು, ಸರಿ ಮಾಡು!"

ಮುನೀಂದ್ರ ಬೈಕ್ ಹತ್ತಿ ಬೆನ್ನಟ್ಟಿದ. ಬೊಮ್ಮಸಂದ್ರದ ಸಿಗ್ನಲ್ಲಿನಲ್ಲಿ ಕಾರು ಕಂಡಿತು. ಓಡಿಹೋಗಿ ಗಾಜು ಬಡಿದ.

"ಏನ್ ಗುರು, ಆಕ್ಸಿಡೆಂಟಾ?" ಎಂದ ಪಕ್ಕದ ಆಟೋದವನು.

"ಇಲ್ಲಣ್ಣ, ಗ್ರಾಮರ್ರು."

ಗಾಜು ಇಳಿಯಿತು. "ಸಾರ್, ನೋ ಟೂ! ಓನ್ಲಿ ವೆರಿ! ಲಿಡ್ ನೋ ಪ್ರಾಬ್ಲಂ!" ಎಂದು ಮುನೀಂದ್ರ ಏದುಸಿರು ಬಿಟ್ಟ. ಗಿರಾಕಿಯ ಮುಖ ಸಪ್ಪಗಾಯಿತು. ಗಾಜು ಮೇಲೇರಿತು.

ಸಂಜೆ ಗುರುರಾಜ್ ಒಳಗೆ ಕರೆದರು.

"ಅವರು ಫೋನ್ ಮಾಡಿದ್ರು. ನಾವು ಕಳಿಸಿದ್ದ ಸ್ಯಾಂಪಲ್ ಡಬ್ಬೀನ ಸುತ್ತಿಗೆಯಿಂದ ಹೊಡೆದು ತೆಗೆದರಂತೆ. ಈ ತಪ್ಪನ್ನ ಇಲ್ಲಿ ಯಾರಾದ್ರೂ ಒಪ್ಕೋತಾರಾ ಅಂತ ನೋಡೋಕೇ ಬಂದಿದ್ದಂತೆ. ಬೆಳಿಗ್ಗೆ ನೀನು ಒಪ್ಕೊಂಡೆ ಅಂತ ಖುಷಿಯಾಗಿ ಆರ್ಡರ್ ಕೊಡೋಣ ಅಂದ್ಕೊಂಡಿದ್ರು."

"ಆಮೇಲೆ ಸಾರ್?"

"ಆಮೇಲೆ ಸಿಗ್ನಲ್‌ವರೆಗೂ ಅಟ್ಟಿಸಿಕೊಂಡು ಹೋಗಿ, ಬೆಳಿಗ್ಗೆ ಹೇಳಿದ್ದೇ ಸುಳ್ಳು ಅಂದೆಯಲ್ಲ! ಆರ್ಡರ್ ಅಲ್ಲೇ ನಿಂತುಹೋಯ್ತು."

ಕಾರಿನ ಹಿಂದೆ ಓಡಿಸಿದ್ದು ತಾವೇ ಎಂಬುದನ್ನು ಗುರುರಾಜ್ ಎತ್ತಲಿಲ್ಲ, ಮುನೀಂದ್ರನಿಗೆ ಎತ್ತುವ ಧೈರ್ಯ ಬರಲಿಲ್ಲ.

"ಈಗೇನು ಮಾಡ್ಲಿ ಸಾರ್?"

"ಗೋಡೌನಿಗೆ ಹೋಗು. ಅಲ್ಲಿರೋ ಡಬ್ಬಿಗಳ ಮುಚ್ಚಳ ಎಲ್ಲಾ ತೆಗೆದು ಸಡಿಲ ಮಾಡು. ಮುಗಿಯೋವರೆಗೂ ಪ್ರಮೋಷನ್ ಮಾತು ಎತ್ತಬೇಡ."

ಮುನೀಂದ್ರ ಗೋಡೌನಿಗೆ ಹೋಗಿ, ಅಂಗಿಯ ತೋಳು ಮಡಚಿ, ಮೊದಲ ಡಬ್ಬಿಯನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಮುಚ್ಚಳವನ್ನು ಬಲವಾಗಿ ಎಳೆದ.

ಬರಲಿಲ್ಲ.