ಅವ್ವನ ಸಂಚಿಯಲ್ಲಿದ್ದ ಎರಡನೇ ಬೀಗ

ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಪೈಕಿ ನಾನು. ಬಸ್ಸು ಹತ್ತಿದವನು ಇಳಿದು ಬಂದು ನಾಲ್ಕನೇ ಸಲ ಜಗ್ಗಿದ್ದೂ ಉಂಟು. ಇಂಥವನಿಗೆ, ಫೋನಿನಲ್ಲೂ ಎರಡು ಬೀಗ ಹಾಕಬಹುದು ಎಂದು ಮಗಳು ಹೇಳಿದಾಗ ಆದ ಆನಂದ ಅಷ್ಟಿಷ್ಟಲ್ಲ. ಮೊಳಕಾಲ್ಮೂರಿನಲ್ಲಿ ನನ್ನದೊಂದು ರೇಷ್ಮೆ ಸೀರೆ ಅಂಗಡಿ. ಸೀರೆಯನ್ನು ಗೋಡೆಗೆ ಇಳಿಬಿಟ್ಟು, ಫೋಟೊ ಹೊಡೆದು ಅಂಗಡಿಯ ಪೇಜಿಗೆ ಹಾಕುತ್ತೇನೆ. ಅರ್ಧ ವ್ಯಾಪಾರ ಈಗ ಅಲ್ಲೇ. ಆ ಪೇಜು ಯಾವನದೋ ಪಾಲಾದರೆ ನಾನು ನೊಣ ಹೊಡೆಯುತ್ತಾ ಕೂರಬೇಕು. ಮೊದಲ ಬೀಗ ಪಾಸ್‌ವರ್ಡು. ಎರಡನೆಯದು, ಹೊಸ ಫೋನಿನಿಂದ ಒಳಗೆ ಹೋಗುವವರನ್ನು ಕೇಳುವ ಆರಂಕಿ, ಅಂದರೆ ಒಟಿಪಿ. ಅದು ಬರುವುದು ಅಂಗಡಿ ಬೋರ್ಡಿನ ಮೇಲಿರುವ ಹಳೇ ನಂಬರಿಗೆ. ಆ ನಂಬರು ಈಗ ಅವ್ವನ ಬಟನ್ ಫೋನಿನಲ್ಲಿದೆ, ಫೋನು ಅವಳ ಎಲೆಅಡಿಕೆ ಸಂಚಿಯಲ್ಲಿದೆ. ಆ ಸಂಚಿಗೆ ಕೈ ಹಾಕುವ ಧೈರ್ಯ ನಮ್ಮಪ್ಪನಿಗೂ ಇರಲಿಲ್ಲ. "ಯಾರು ಕೇಳಿದ್ರೂ ಹೇಳಬ್ಯಾಡವ್ವ, ನಿನ್ನ ಮಗ ಅಂದ್ರೂ ನಂಬಬ್ಯಾಡ" ಎಂದು ಜಂಬದಿಂದ ಪಾಠ ಬೇರೆ ಮಾಡಿದ್ದೆ.

ಕಳೆದ ವಾರ ಚಳ್ಳಕೆರೆಗೆ ಹೋಗಿ ಹೊಸ ಫೋನು ತಂದೆ. ಅವ್ವ ಕೊಂಡ್ಲಹಳ್ಳಿಯ ಅಕ್ಕನ ಮನೆಗೆ ಹೋಗಿದ್ದಳು. ಅಂಗಡಿಯಲ್ಲಿ ರಾಂಪುರದ ಗೌರಮ್ಮನವರು ಮಗಳ ಮದುವೆಗೆ ಸೀರೆ ಆರಿಸುತ್ತಾ ಕೂತಿದ್ದರು. ಪೇಜು ತೆರೆಯಲು ಹೋದರೆ ಆರಂಕಿ ಕೇಳಿತು. ಅವ್ವನಿಗೆ ಫೋನು ಹಚ್ಚಿದೆ. ಹೊಸ ಫೋನಿನ ಸ್ಪೀಕರ್ ನಿಲ್ಲಿಸುವುದನ್ನು ನಾನಿನ್ನೂ ಕಲಿತಿರಲಿಲ್ಲ.

"ಅವ್ವಾ, ಆರಂಕಿ ಬಂದೈತಲ್ಲ, ಹೇಳು."

"ಯಾರಪ್ಪಾ ನೀನು?"

"ನಿನ್ನ ಮಗ ಕಣವ್ವಾ!"

"ಮೊನ್ನೆ ಫೋನ್ ಮಾಡ್ದೋನೂ ಹಂಗೇ ಅಂದ. ನೆಗಡಿ ಆಗೈತೆ, ಅದಕ್ಕೇ ದನಿ ಕೆಟ್ಟೈತೆ ಅಂದ. ನಿನ್ನೆ ಇನ್ನೊಂದ್ಸಲ ಅಂಕಿ ಬಂತು, ಮತ್ತೆ ಅವನೇ ಮಾಡ್ದ. ಈ ವಯಸ್ಸಿನಾಗೆ ನಂಗೆ ಎಷ್ಟು ಮಕ್ಕಳು ಹುಟ್ತಾರೋ!"

ಅಂಕಿ ಬಂದಿದೆ ಎಂದರೆ ಯಾವನೋ ಮೊದಲ ಬೀಗ ತೆಗೆದಿದ್ದಾನೆ! "ಅವ್ವಾ, ಜಲ್ದಿ ಹೇಳವ್ವ, ಪಾಸ್‌ವರ್ಡ್ ಬದಲಾಯಿಸಬೇಕು" ಎಂದು ಅಂಗಲಾಚಿದೆ.

"ಐದನೇ ಕ್ಲಾಸಿನ ತನಕ ನಿನ್ನ ಹಾಸಿಗೆ ಕೆಳಗೆ ಏನು ಹಾಸ್ತಿದ್ದೆ, ಹೇಳು ನೋಡಾನ?"

ಗೌರಮ್ಮನವರು ಸೆರಗು ನೋಡುವುದನ್ನು ಬಿಟ್ಟು ನನ್ನನ್ನೇ ನೋಡಿದರು. "ಗೋಣಿಚೀಲ" ಎಂದೆ, ಆದಷ್ಟು ಮೆಲ್ಲಗೆ.

"ಯಾಕೆ?"

ರಾತ್ರಿ ಹಾಸಿಗೆ ಒದ್ದೆಯಾಗುತ್ತಿದ್ದುದನ್ನೂ ಹೇಳಿದೆ. ಆಮೇಲೆ ಅವ್ವ ಆರಂಕಿ ಒಪ್ಪಿಸಿದಳು. ಪೇಜು ಉಳಿಯಿತು. ನಿಜ ಹೇಳುತ್ತೇನೆ, ಅವಳು ಎದುರಿಗಿದ್ದಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಆದರೆ ಮೊದಲ ಬೀಗ ತೆಗೆದವನು ಯಾರು? ಮಗಳ ಮೇಲೆ, ಫೋನಿನಂಗಡಿಯವನ ಮೇಲೆ ಫೋನಿನಲ್ಲೇ ಕೂಗಾಡಿದೆ. ಗೌರಮ್ಮನವರು ತಮ್ಮ ಫೋನಿನಲ್ಲಿ ನಮ್ಮ ಪೇಜಿನ ಸೀರೆಯೊಂದನ್ನು ಹಿಗ್ಗಿಸಿ ತೋರಿಸಿದರು. "ಸೀರೆ ಪಕ್ಕದ ಕ್ಯಾಲೆಂಡರ್ ಮ್ಯಾಲೆ ಏನೋ ಬರ್ದೈತಲ್ರೀ."

ಮರೆಯಬಾರದೆಂದು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದ ಪಾಸ್‌ವರ್ಡು! ಜನವರಿಯಿಂದ ಹಾಕಿದ ಒಂದೊಂದು ಸೀರೆಯ ಪಕ್ಕದಲ್ಲೂ ಅದು ಮುದ್ದಾಗಿ ಬಂದಿತ್ತು. ಎದ್ದು ಕ್ಯಾಲೆಂಡರನ್ನು ಗೋಡೆಯ ಕಡೆಗೆ ತಿರುಗಿಸಿದೆ.

"ಹೊಸದಕ್ಕೆ ಗೋಣಿಚೀಲ ಅಂತ ಇಡ್ರಿ, ಮರೆಯಲ್ಲ" ಎಂದು ನಗುತ್ತಾ ಗೌರಮ್ಮನವರು ಬಸ್ಸಿಗೆ ಹೊರಟರು. ಇಡಬಹುದಿತ್ತು. ಆದರೆ ಅವರ ಬಸ್ಸು ತಲುಪುವಷ್ಟರಲ್ಲಿ ಅದು ರಾಂಪುರಕ್ಕೆಲ್ಲ ಗೊತ್ತಾಗಿರುತ್ತದೆ.