ತಳ ಕಾಣದ ತೊಟ್ಟಿ

ಅಳತೆ ತಪ್ಪಿದ್ದರೆ ಟೈಲರ್ ಹೆದರುತ್ತಿರಲಿಲ್ಲ. ತಪ್ಪಿದ ಅಳತೆಯನ್ನು ಸರಿಮಾಡುವುದೇ ಅವನ ಕಸುಬು. ಆ ಬೆಳಿಗ್ಗೆ ಅಳತೆ ನಿನ್ನೆ ಬಂದಷ್ಟೇ ಬಂತು. ಅದಕ್ಕೇ ಅವನ ಬೆನ್ನ ಮೇಲೆ ತಣ್ಣಗೆ ಏನೋ ಹರಿದ ಹಾಗಾಯಿತು.

ಹಿತ್ತಿಲ ನೆಲದೊಳಗೆ, ಕಲ್ಲಿನ ಮುಚ್ಚಳದ ಕೆಳಗೆ, ಮಳೆನೀರಿನ ತೊಟ್ಟಿಯಿತ್ತು. ಮಾಡಿನ ಮೇಲೆ ಬಿದ್ದ ನೀರು ಕೊಳವೆಯಲ್ಲಿ ಇಳಿದು ಅಲ್ಲಿ ನಿಲ್ಲುತ್ತಿತ್ತು. ಆ ಸಾಲಿನ ಮನೆಮನೆಗೂ ಅಂಥದೊಂದು ತೊಟ್ಟಿ. ಮಳೆ ಕೈಕೊಟ್ಟು, ನಲ್ಲಿಯಲ್ಲಿ ಅಡುಗೆಗೆ ಸಾಲುವಷ್ಟು ಮಾತ್ರ ನೀರು ಬರತೊಡಗಿದಾಗ, ಉಳಿದವರೆಲ್ಲ ತಮ್ಮ ತೊಟ್ಟಿಗಳಿಗೆ ಬೀಗ ಜಡಿದು, ಇದಕ್ಕಿಂತ ಕೆಟ್ಟ ಕಾಲ ಬಂದಾಗ ತೆಗೆದರಾಯಿತು ಎಂದು ಕೂತಿದ್ದರು. ಟೈಲರ್ ಹಾಗೆ ಕೂರುವಂತಿರಲಿಲ್ಲ. ತಂಗಿಯ ಬಾಣಂತನಕ್ಕೆ ಹೊರಟ ಹೆಂಡತಿ ಹಿತ್ತಿಲ ನಿಂಬೆಗಿಡದ ಪಕ್ಕ ನಿಂತು ಹೇಳಿ ಹೋಗಿದ್ದಳು:

"ಇದು ನಮ್ಮಪ್ಪ ಕೊನೇಲಿ ಕಸಿ ಕಟ್ಟಿಕೊಟ್ಟ ಗಿಡ. ನಾನು ಬರೋಷ್ಟರಲ್ಲಿ ಒಣಗಿದ್ರೆ ಈ ಮನೆ ಹೊಸಿಲು ತುಳಿಯೋಲ್ಲ, ತಿಳ್ಕೊಳ್ಳಿ."

ಅವಳು ಬಾಯಿಮಾತಿಗೆ ಹೇಳುವವಳಲ್ಲ. ಮತ್ತು ಅವಳು ಬರುವುದು ಇವತ್ತು ಸಂಜೆ.

ಗಿಡವೇನೋ ನಳನಳಿಸುತ್ತಿತ್ತು. ತೊಂದರೆ ತೊಟ್ಟಿಯದು. ಟೈಲರ್ ಪ್ರತಿ ಸಂಜೆ ನೀರು ಸೇದಿ ಗಿಡಗಳಿಗೆ ಹಾಕಿ, ಟೇಪಿನ ತುದಿಗೆ ಕತ್ತರಿ ಕಟ್ಟಿ ಇಳಿಬಿಟ್ಟು ಆಳ ನೋಡುತ್ತಿದ್ದ. ಸಂಜೆ ಮೊಳದುದ್ದ ಇಳಿದಿದ್ದ ನೀರು ಬೆಳಗಾಗುವಾಗ ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ಏರಿರುತ್ತಿತ್ತು. ಮೊದಮೊದಲು ಅವನು ಅದೃಷ್ಟ ಎಂದುಕೊಂಡು ಬಾಯಿ ಹೊಲಿದುಕೊಂಡಿದ್ದ. ಆದರೆ ಅದೃಷ್ಟವಾದರೂ ಒಂದೊಂದು ದಿನ ರಜೆ ಹಾಕುತ್ತದೆ. ಇದು ಹಾಕುತ್ತಿರಲಿಲ್ಲ.

ಅವನು ನೆಲದ ಮೇಲೆ ಮಕಾಡೆ ಮಲಗಿ ತೊಟ್ಟಿಯೊಳಗೆ ತಲೆ ಹಾಕಿದ. ಗಾಳಿಯಿಲ್ಲ. ಆದರೂ ನೀರಿನ ಮೇಲೊಂದು ಒಣ ಎಲೆ ಮೆಲ್ಲಗೆ ಸುತ್ತುತ್ತಿತ್ತು. ತಳದಿಂದ ಬುಳುಕ್ ಎಂದು ಒಂದು ಗುಳ್ಳೆ ಎದ್ದಿತು. ಅದರ ಹಿಂದೆಯೇ ಒಂದು ದೀರ್ಘ ನಿಟ್ಟುಸಿರು, ಯಾರೋ ಹೊಟ್ಟೆ ತುಂಬ ಕುಡಿದು ಉಸಿರು ಬಿಟ್ಟ ಹಾಗೆ.

"ಯಾರಿದ್ದೀರಿ?" ಎಂದು ಟೈಲರ್ ಕೇಳಿದ. ಯಾವುದಕ್ಕೂ ಇರಲಿ ಎಂದು ಬಹುವಚನವನ್ನೇ ಬಳಸಿದ.

ಉತ್ತರ ಬಂದದ್ದು ಗೋಡೆಯಾಚೆಯಿಂದ. "ಯಾರ ಜೊತೆ ಮಾತಾಡ್ತಿದೀಯೋ ಟೇಪಣ್ಣ, ಗುಂಡೀಲಿ ತಲೆ ಹಾಕ್ಕೊಂಡು?"

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಯಾರಾದರೂ ನೇರ ಕೇಳಿದರೆ ಟೈಲರ್‌ನ ಬಾಯಲ್ಲಿ ಗುಟ್ಟೆಂದರೆ ತೂತುಬಿದ್ದ ಜೇಬಿನಲ್ಲಿಟ್ಟ ಗುಂಡಿ. ಒಂದೇ ಉಸಿರಿಗೆ ಎಲ್ಲವೂ ಉದುರಿತು. ಕೇಳಿಸಿಕೊಳ್ಳಲು ಇನ್ನೊಂದು ಪಕ್ಕದ ಮನೆಯ ನರ್ಸಕ್ಕನೂ ಅವಳಾಚೆಯ ಮನೆಯ ಬಸ್ ಕಂಡಕ್ಟರನೂ ಆಗಲೇ ಹಿತ್ತಿಲೊಳಗೆ ಬಂದಿದ್ದರು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ನೋಡಪ್ಪ, ಬಿಟ್ಟಿ ಬರೋದು ಯಾವತ್ತೂ ಬಿಟ್ಟಿ ಅಲ್ಲ. ಕೊಟ್ಟೋರು ಒಂದಿನ ಕೇಳೋಕೆ ಬಂದೇ ಬರ್ತಾರೆ."

ನರ್ಸಕ್ಕ ಬಗ್ಗಿ ಕಿವಿಗೊಟ್ಟಳು. ಮತ್ತೆ ಆ ನಿಟ್ಟುಸಿರು. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು ನಿಧಾನವಾಗಿ ಎದ್ದಳು. "ನಾನು ಎಷ್ಟೋ ಜನರ ಕೊನೇ ಉಸಿರು ಕೇಳಿದೀನಣ್ಣ. ಇದು ಕೊನೇದಲ್ಲ. ಯಾರೋ ಈಗ ಎಚ್ಚರಾಗ್ತಾ ಇದಾರೆ."

ಸಂಜೆ ಹೆಂಡತಿ ಬಂದು, ಏನೂ ಅರಿಯದೆ, ಇದೇ ತೊಟ್ಟಿಗೆ ಬಗ್ಗುವ ಚಿತ್ರ ಟೈಲರ್‌ನ ಕಣ್ಣಮುಂದೆ ಬಂತು. ಕಂಡಕ್ಟರ್ ಮಾತ್ರ ಧೈರ್ಯಸ್ಥ. ಖಾಲಿ ಮಾಡಿ ನೋಡೋಣ, ಟಿಕೆಟ್ ಇಲ್ಲದೆ ಯಾರು ಕೂತಿದ್ದರೂ ಇಳಿಸಿಬಿಡೋಣ ಎಂದ. ಇಂಥ ಬರಗಾಲದಲ್ಲಿ ನೀರು ಚೆಲ್ಲುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ ಮೇಷ್ಟ್ರೇ ಧರ್ಮಸೂಕ್ಷ್ಮ ಬಿಡಿಸಿ ಹೇಳಿದರು: ಇಂಥ ನೀರು ಕುಡಿಯಬಾರದು, ಆದರೆ ಕಂಬಳಿ ಒಗೆಯಲು ಅಡ್ಡಿಯಿಲ್ಲ.

ಸಾಲಿನ ಕಂಬಳಿಗಳೆಲ್ಲ ಹೊರಬಂದವು. ನೀರು ಸೇದುವ ಮುಂಚೆ ಕಂಡಕ್ಟರ್ ಒಮ್ಮೆ ತನ್ನ ಹಿತ್ತಿಲಿಗೆ ಓಡಿ, ತನ್ನ ತೊಟ್ಟಿಯ ಬೀಗ ಜಗ್ಗಿ ನೋಡಿ ಬಂದ. ಗಲಾಟೆಯಲ್ಲಿ ಯಾರಾದರೂ ಅದಕ್ಕೆ ಕೈಹಾಕಿದರೆ ಕಷ್ಟ.

ಮೊದಲ ಬಕೆಟುಗಳು ಭಯದಿಂದಲೇ ಮೇಲೆ ಬಂದವು. ನೀರು ಕೆಳಗಿಳಿಯಿತು, ಬುಳುಬುಳು ಎಂದಿತು, ಎಲ್ಲರ ಕಣ್ಣೆದುರೇ ಮೆಲ್ಲನೆ ಏರಿತು. ಸೇದಿದಷ್ಟೂ ಏರುವ ವೇಗ ಹೆಚ್ಚಿತು. ಮಧ್ಯಾಹ್ನದ ಹೊತ್ತಿಗೆ ಇಳಿಬಿಟ್ಟ ಬಕೆಟ್ ನೆಟ್ಟಗೆ ಇಳಿಯದೆ, ಯಾರೋ ಕೈಹಿಡಿದು ಎಳೆದಂತೆ ಗೋಡೆಯ ಕಡೆಗೆ ಸರಿಯಿತು. ಟೈಲರ್‌ನ ಕೈಯಲ್ಲಿ ಹಗ್ಗ ಬಿಗಿಯಾಯಿತು. ಕೊಡದಷ್ಟು ದೊಡ್ಡ ಗುಳ್ಳೆಯೊಂದು ಎದ್ದು ಒಡೆದು, ಹಳೆಯ ಕೆಸರಿನ ವಾಸನೆ ಹಿತ್ತಿಲನ್ನೆಲ್ಲ ತುಂಬಿತು. ಎಲ್ಲರೂ ಹಿಂದೆ ಸರಿದರು. ಬಿರುಬಿಸಿಲಿನಲ್ಲಿ ಎಲ್ಲರ ತೋಳಿನ ಕೂದಲೂ ನಿಂತಿತ್ತು.

ಆಮೇಲೆ ನರ್ಸಕ್ಕ ಹೋಗಿ ಮನೆಯ ಪರದೆಗಳನ್ನೆಲ್ಲ ತಂದಳು.

ಭಯ ಒಂದು ತಟ್ಟೆಯಲ್ಲಿ, ಬಿಟ್ಟಿ ಇನ್ನೊಂದರಲ್ಲಿ. ತಕ್ಕಡಿ ವಾಲಿದ್ದು ಬಿಟ್ಟಿಯ ಕಡೆಗೇ. ಸುದ್ದಿ ಸಾಲಿನ ತುದಿ ಮುಟ್ಟಿತು. "ಮುಂದೆ ನಡೀರಿ, ಮುಂದೆ ನಡೀರಿ, ಒಳಗೆ ಜಾಗ ಇದೆ" ಎಂದು ಕಂಡಕ್ಟರ್ ಬಂದವರನ್ನು ಸಾಲಾಗಿ ನಿಲ್ಲಿಸಿದ. ಅವನು ಸ್ಕೂಟರ್ ತೊಳೆದ, ಜಗಲಿ ತೊಳೆದ, ತೊಳೆಯಲು ಬೇರೇನೂ ಸಿಗದೆ ಧೂಳು ಅಡಗಲೆಂದು ಬೀದಿಗೇ ನೀರು ಹೊಯ್ದ. ಮೇಷ್ಟ್ರು ಕಿಟಕಿಯ ಸರಳುಗಳನ್ನು ಒಂದೊಂದಾಗಿ ಉಜ್ಜಿಸಿದರು. ನಿಂಬೆಗಿಡವನ್ನು ಎಲೆಯೆಲೆಯಾಗಿ ಮೀಯಿಸಿದ ಟೈಲರ್, ನಾಳೆಗೆ ಒಂದಿಷ್ಟು ಉಳಿಸೋಣವೇ ಎಂದು ಕೇಳಿದ್ದಕ್ಕೆ, ಇದು ಬತ್ತುವ ನೀರಲ್ಲವಪ್ಪ, ಬತ್ತಿದರೆ ನಮ್ಮ ಪುಣ್ಯ ಎಂಬ ಉತ್ತರ ಮೇಷ್ಟ್ರಿಂದ ಬಂತು.

ಬಿಸಿಲು ಇಳಿಯುವಾಗ ನೀರೂ ಇಳಿಯತೊಡಗಿತು. ಈ ಸಲ ಮತ್ತೆ ಏರಲಿಲ್ಲ. ನಿಟ್ಟುಸಿರು ನರಳಾಟವಾಯಿತು, ನರಳಾಟ ಗೊರಕೆಯಾಯಿತು. ತಳದ ಕಪ್ಪು ಕೆಸರು ಇನ್ನೇನು ಕಾಣಬೇಕು ಎನ್ನುವಾಗ ಮೇಷ್ಟ್ರಿಗೆ ಮಾತ್ರೆಯ ನೆನಪಾಯಿತು. ನರ್ಸಕ್ಕನಿಗೆ ಒಲೆಯ ನೆನಪಾಯಿತು. ಕಂಡಕ್ಟರ್, ತಾನು ಇಲ್ಲೇ ಇರುತ್ತೇನೆಂದು ಬೀದಿಯ ಆ ಕಡೆಯಿಂದ ಕೂಗಿ ಹೇಳಿದ. ಹಿತ್ತಿಲಲ್ಲಿ ಉಳಿದವನು ಟೈಲರ್ ಒಬ್ಬನೇ.

ಹೆಂಡತಿ ಬರುವ ಹೊತ್ತಾಗುತ್ತಿತ್ತು. ಅವನು ಏಣಿ ಇಳಿಬಿಟ್ಟು, ಟಾರ್ಚ್ ಹಿಡಿದು, ಕಣ್ಣು ಮುಚ್ಚಿ ಇಳಿದ. ಕೆಳಗೆ ಇಳಿದ ಮೇಲೆ ಟಾರ್ಚ್ ಇದ್ದರೂ ಕಣ್ಣು ಮುಚ್ಚಿದ್ದರೆ ಪ್ರಯೋಜನವಿಲ್ಲ ಎಂದು ಹೊಳೆದು, ಒಂದನ್ನು ತೆರೆದ.

ಕೆಸರು ಮೊಣಕಾಲಿನವರೆಗೆ ಬಂತು. ಅವನ ಉಸಿರೇ ಇನ್ನೊಬ್ಬರ ಉಸಿರಾಗಿ ಗೋಡೆಯಿಂದ ಮರಳುತ್ತಿತ್ತು. ಎರಡೂ ಪಕ್ಕದ ಗೋಡೆಗಳಲ್ಲಿ, ಕೆಸರಿಗಿಂತ ತುಸು ಮೇಲೆ, ಒಂದೊಂದು ದುಂಡು ಬಾಯಿ, ತಲೆಯಷ್ಟು ಅಗಲ, ಒಳಗೆಲ್ಲ ಕತ್ತಲು. ತುಟಿಯಂಚಿನಿಂದ ಜೊಲ್ಲಿನಂತೆ ನೀರು ತೊಟ್ಟಿಕ್ಕುತ್ತಿತ್ತು. ಅವನು ಬಗ್ಗಿ ಒಂದಕ್ಕೆ ಕಿವಿಗೊಟ್ಟ.

"ಯಾರದು," ಎಂದಿತು ಬಾಯಿ, ಟೊಳ್ಳು ದನಿಯಲ್ಲಿ, "ಒಳಗೆ?"

ಟೈಲರ್ ಟಾರ್ಚಿನ ಸಮೇತ ಕೈಮುಗಿದ. "ಟೈಲರ್. ಬಡಪಾಯಿ. ತಪ್ಪಾಗಿದ್ರೆ ಹೊಟ್ಟೇಗೆ ಹಾಕ್ಕೊಳ್ಳಿ."

"ನನ್ನ ನೀರೆಲ್ಲಿ?"

"ಕೊಡ್ತೀನಿ. ಪೂರ್ತಿ ವಾಪಸ್ ಕೊಡ್ತೀನಿ. ನಮ್ಮನೇವಳ ತಂಟೆಗೆ ಮಾತ್ರ ಬರಬೇಡಿ."

ಕತ್ತಲು ಕೆಮ್ಮಿತು. ಅದು ದಿನಬೆಳಗಾದರೆ ಗೋಡೆಯಾಚೆ ಕೇಳುವ ಕೆಮ್ಮು.

"ಮೇಷ್ಟ್ರೇ?"

"ಟೇಪಣ್ಣಾ? ನಮ್ಮ ತೊಟ್ಟೀಲಿ ನೀನೇನೋ ಮಾಡ್ತಿದೀಯ?"

"ನಾನು ನಮ್ಮ ತೊಟ್ಟೀಲಿದೀನಿ ಮೇಷ್ಟ್ರೇ."

ಎದುರು ಗೋಡೆಯ ಬಾಯಿಂದ ನರ್ಸಕ್ಕನ ದನಿ ಕೇಳಿತು. ತನ್ನ ತೊಟ್ಟಿ ನೋಡಲು ಹೋದರೆ ಬೀಗ ಹಾಗೇ ಇತ್ತು, ಒಳಗೆ ಒಂದು ತೊಟ್ಟು ನೀರಿಲ್ಲ ಎಂದು ಅವಳು ಅಳುತ್ತಿದ್ದಳು. ಅವಳ ದನಿಯ ಹಿಂದೆ, ಇನ್ನೂ ದೂರದಿಂದ, ಕಂಡಕ್ಟರ್ ತನ್ನ ತೊಟ್ಟಿಯ ತಳವನ್ನು ಬೈಯುತ್ತಿದ್ದ.

ಆ ಸಾಲನ್ನು ಕಟ್ಟಿದವನು ಯಾರೋ, ಒಂದು ಮಾಡಿಗೆ ಬಿದ್ದ ಮಳೆ ಎಲ್ಲರಿಗೂ ಒದಗಲೆಂದು ತೊಟ್ಟಿ ತೊಟ್ಟಿಯ ನಡುವೆ ಕೊಳವೆ ಹೂತಿದ್ದ. ಕಾಲಾಂತರದಲ್ಲಿ ಅದರಲ್ಲಿ ಹೂಳು ಕಟ್ಟಿತ್ತು. ನೀರು ರಾತ್ರಿಯಿಡೀ ಏದುಸಿರು ಬಿಡುತ್ತ ಅದರೊಳಗೆ ನುಸುಳಿ ಬರುತ್ತಿತ್ತು. ಇವತ್ತಿನ ಸೇದಾಟಕ್ಕೆ ಹೂಳೆಲ್ಲ ಕಿತ್ತುಕೊಂಡು ಬಂದು ದಾರಿ ಸಲೀಸಾಯಿತು. ನೀರು ತನ್ನ ಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂದು ಮೇಷ್ಟ್ರು ನೌಕರಿಯುದ್ದಕ್ಕೂ ಪಾಠ ಮಾಡಿದ್ದರು. ತಮ್ಮ ಹಿತ್ತಿಲಿಗೂ ಅದು ಅನ್ವಯಿಸುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೀಗ ಮುಚ್ಚಳಕ್ಕಿತ್ತು, ತಳಕ್ಕಿರಲಿಲ್ಲ. ಬೆಳಗಿನಿಂದ ಅವರವರ ಕಂಬಳಿ ಒಗೆದದ್ದು ಅವರವರದೇ ನೀರು.

ಟೈಲರ್ ಮೇಲೆ ಬರುವ ಹೊತ್ತಿಗೆ ಸಾಲಿಗೆ ಸಾಲೇ ಅವನ ಮನೆಯ ಮುಂದೆ ಸೇರಿತ್ತು. ತಾವೂ ಸೇದಿದೆವು ಎನ್ನುವುದು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ತಿಂಗಳಾನುಗಟ್ಟಲೆ ಊರ ನೀರು ಕುಡಿದು ಕೊಬ್ಬಿದ್ದು ಯಾರ ಗಿಡ? ದಿನಾ ಬಗ್ಗಿ ಬಗ್ಗಿ ಅಳತೆ ತೆಗೆಯುತ್ತಿದ್ದವರು ಯಾರು? ಹೊಲಿಯಲು ಬಟ್ಟೆ ಕೊಟ್ಟರೆ ತುಂಡು ಉಳಿಸಿಕೊಳ್ಳುವ ಜಾತಿ, ನೀರನ್ನು ಬಿಡುತ್ತದೆಯೇ? ಟೈಲರ್ ಹೂಳಿನ ವಿಷಯ ಎತ್ತಿದ. ಮೇಷ್ಟ್ರು ಕೈಯೆತ್ತಿ ತಡೆದರು.

"ಪೂರ್ತಿ ವಾಪಸ್ ಕೊಡ್ತೀನಿ ಅಂತ ನೀನೇ ಒಪ್ಕೊಂಡಿದೀಯ. ನಾನು ಕಿವಿಯಾರೆ ಕೇಳಿದೀನಿ."

ಆಗ ಬೀದಿಯ ತಿರುವಿನಲ್ಲಿ ಹೆಂಡತಿ ಕಾಣಿಸಿದಳು. ತಲೆಯಿಂದ ಕಾಲಿನವರೆಗೆ ಧೂಳು, ಕೈಯಲ್ಲೊಂದು ಭಾರದ ಬುಟ್ಟಿ. ಅವಳು ಅರ್ಧದಾರಿಯಲ್ಲೇ ನಿಂತಳು. ಬೀದಿಯೆಲ್ಲ ಒದ್ದೆ. ಎಲ್ಲರ ಕಾಂಪೌಂಡಿನ ಮೇಲೂ ಕಂಬಳಿಗಳು ಟಪಟಪ ಹನಿಸುತ್ತಿವೆ. ಗಂಡ ಮೊಣಕಾಲುದ್ದ ಕೆಸರಾಗಿದ್ದಾನೆ. ಮನೆಯ ಪಕ್ಕದ ಸಂದಿಯಲ್ಲಿ ಕಾಣುವ ಹಿತ್ತಿಲ ನಿಂಬೆಯ ಎಲೆಗಳು ಸಂಜೆಬೆಳಕಿಗೆ ಮಿರುಗುತ್ತಿವೆ. ಅವಳು ಕಣ್ಣು ಮುಚ್ಚಿ ತೋಯ್ದ ಮಣ್ಣಿನ ವಾಸನೆಯನ್ನು ಒಳಗೆಳೆದುಕೊಂಡಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ಟೈಲರ್ ಮದುವೆಯ ದಿನವೂ ನೋಡಿರಲಿಲ್ಲ.

"ತಂಗಿ ಊರಲ್ಲಿ ಒಂದು ಹನಿ ಇಲ್ಲ ಕಣ್ರೀ, ಇಲ್ಲಿ ಎಂಥಾ ಮಳೆ ಹೊಡೆದಿದೆ," ಎಂದಳು. ಬುಟ್ಟಿಯನ್ನು ಅವನ ಕಾಲ ಬಳಿ ಇಳಿಸಿ ಮೇಲಿನ ಬಟ್ಟೆ ಸರಿಸಿದಳು. ಒಳಗೆ ಒತ್ತೊತ್ತಾಗಿ ಎಳೆಯ ಸಸಿಗಳು, ಬಿಸಿಲಿಗೆ ಬಾಡಿ ತಲೆ ಕೆಳಗೆ ಹಾಕಿದ್ದವು. "ತಂಗಿ ಕೊಟ್ಟಳು. ತರೋದೋ ಬೇಡವೋ ಅಂತ ಅನುಮಾನ ಇತ್ತು, ತಂದದ್ದು ಒಳ್ಳೇದೇ ಆಯ್ತು. ಕತ್ತಲಾಗೋದ್ರೊಳಗೆ ನೆಟ್ಟು ಧಾರಾಳವಾಗಿ ನೀರು ಹಾಕ್ಬೇಕು, ಇಲ್ಲಾಂದ್ರೆ ಒಂದೂ ಉಳಿಯಲ್ಲ. ಮೊದಲು ನನಗೊಂದು ಬಕೆಟ್ ತಂದ್ಕೊಡಿ, ಮುಖ ತೊಳೀತೀನಿ."